ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಪಿಗ್ಮಿ ಪುಸ್ತಕ

ಇಂದು ಅಜ್ಜಿಯ ಟ್ರಂಕು ತೆರೆದಾಗ ಸಿಂಡಿಕೇಟ್ ಬ್ಯಾಂಕಿನ ಅಂಚು ಸವೆದ ಪಿಗ್ಮಿ ಪುಸ್ತಕವೊಂದು ಕೈಗೆ ಸಿಕ್ಕಿ, ಟಿ.ಎ. ಪೈಗಳು ನೆನಪಾದರು. 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಹಣ ಸಂಗ್ರಹಿಸುವ ಪಿಗ್ಮಿ ಯೋಜನೆಯನ್ನು ತಂದ ಆ ಬ್ಯಾಂಕನ್ನು ಮುಂದೆ ತಾವೇ ಮುನ್ನಡೆಸಿ, 1965ರಲ್ಲಿ ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿ, ಬಳಿಕ ಜೀವವಿಮಾ ನಿಗಮದ ಹೊಣೆಯನ್ನೂ ಹೊತ್ತ ಪೈಗಳು 1972ರಲ್ಲಿ ಕೇಂದ್ರದ ರೈಲ್ವೆ ಸಚಿವರಾದರು. 1977ರಲ್ಲಿ ಉಡುಪಿಯಿಂದ ಲೋಕಸಭೆಗೆ ಗೆದ್ದರು. ಲೆಕ್ಕ ಬಲ್ಲವರಿಗೆ ಹಣಕಾಸು ಖಾತೆಯೇ ದಕ್ಕಬೇಕೆಂದೇನೂ ಇಲ್ಲ, ಬಿಡಿ. ಆದರೂ ಬಡವರ ಚಿಲ್ಲರೆ ಕಾಸನ್ನು ಠೇವಣಿಯಾಗಿಸಿದ ಪರಂಪರೆಯಿಂದ ಬಂದವರಿಗೆ ಸಂಸತ್ತಿನ ಬಜೆಟ್ಟಿನ ಕೋಟಿಗಳು ಹೇಗೆ ಕಂಡಿರಬಹುದೆಂದು ಯೋಚಿಸುತ್ತ ಬಹಳ ಹೊತ್ತು ಕುಳಿತಿದ್ದೆ. ಪುಸ್ತಕದ ಕೊನೆಯ ಸಾಲಿನಲ್ಲಿ ಪಿಗ್ಮಿ ಏಜೆಂಟರ ನೀಲಿ ಶಾಯಿಯ ಸಹಿ ಇನ್ನೂ ಮಾಸಿಲ್ಲ.