ಎಳ್ಳಿನಷ್ಟು ಉಳಿದದ್ದು

ತೀರ್ಥಹಳ್ಳಿಗೆ ಚಳಿಗಾಲ ಬಂದಿತೆಂಬುದು ಮೊದಲು ಕಾಣುವುದು ತುಂಗೆಯಲ್ಲಿ. ಮಳೆಗಾಲದಲ್ಲಿ ಕೆಂಪಾಗಿ ಮೊರೆಯುತ್ತಿದ್ದ ಹೊಳೆ ಕಾರ್ತಿಕ ಕಳೆಯುವ ಹೊತ್ತಿಗೆ ತಿಳಿಯಾಗಿ ತಗ್ಗುತ್ತದೆ. ತಿಂಗಳುಗಟ್ಟಲೆ ಮುಳುಗಿದ್ದ ಬಂಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಬೆಳಗಿನ ಜಾವ ನೀರಿನಿಂದ ಎದ್ದ ಮಂಜು ಆಚೆ ದಡವನ್ನು ಬಹಳ ಹೊತ್ತು ಬಿಟ್ಟುಕೊಡುವುದಿಲ್ಲ. ಮನೆಗಳಲ್ಲಿ ಬಚ್ಚಲೊಲೆಯ ಹಂಡೆ ಇಡೀ ದಿನ ಬಿಸಿಯಾಗಿಯೇ ಇರುತ್ತದೆ.

ಇದೇ ಅಡಿಕೆ ಕೊಯ್ಲಿನ ಕಾಲವೂ ಹೌದು. ಹಗಲು ಅಡಿಕೆಗೊನೆ ಇಳಿಸಿ ತಂದರೆ ಸಂಜೆಯಿಂದ ಜಗಲಿಯಲ್ಲಿ ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತು ಸುಲಿಯುವುದು, ಮರುದಿನ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ, ಬೇಯಿಸುವುದು, ಬೆಂದದ್ದನ್ನು ಚಪ್ಪರದ ಮೇಲೆ ಹರಡುವುದು, ಇಬ್ಬನಿ ತಾಗದಂತೆ ರಾತ್ರಿ ಟಾರ್ಪಾಲು ಮುಚ್ಚಿ ಬಿಸಿಲೇರಿದ ಮೇಲೆ ತೆಗೆಯುವುದು, ಹೀಗೆ ಒಂದು ಕೆಲಸ ಇನ್ನೊಂದನ್ನು ಕರೆಯುತ್ತಲೇ ಇರುತ್ತದೆ. ಇಷ್ಟು ಅವಸರದ ನಡುವೆಯೂ ಊರು ಕೈ ತೊಳೆದುಕೊಂಡು ಹೊಳೆಗೆ ನಡೆಯುವ ದಿನವೆಂದರೆ ಮಾರ್ಗಶಿರದ ಅಮಾವಾಸ್ಯೆ, ನಮ್ಮ ಎಳ್ಳಮಾವಾಸ್ಯೆ. ಚಾಂದ್ರಮಾನದ ಹಬ್ಬವಾದ್ದರಿಂದ ಅದು ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಸರಿದಾಡುತ್ತದೆ. 2024ರಲ್ಲಂತೂ ಜನವರಿ 11ರಂದು ಒಮ್ಮೆ, ಡಿಸೆಂಬರ್ 30ರಂದು ಇನ್ನೊಮ್ಮೆ ಬಂದಿತ್ತು. ಅತ್ತ ಬೀದರ್, ಕಲಬುರಗಿ, ವಿಜಯಪುರದ ಕಡೆಯ ರೈತರು ಇದೇ ದಿನ ಹೊಲದಲ್ಲಿ ಭೂತಾಯಿಗೆ ನೈವೇದ್ಯದ ಅಡುಗೆಯ ಚರಗ ಚೆಲ್ಲುತ್ತಾರೆ. ನಮ್ಮಲ್ಲಿ ರಾಮೇಶ್ವರನ ಜಾತ್ರೆ: ಮೊದಲ ದಿನ ತೀರ್ಥಸ್ನಾನ, ಆಮೇಲೆ ರಥ, ಕೊನೆಗೆ ತೆಪ್ಪ.

ಸ್ನಾನ ಹೊಳೆಯ ಬಂಡೆಗಳ ನಡುವಿನ ರಾಮಕುಂಡದಲ್ಲಿ. ತಂದೆ ಜಮದಗ್ನಿಯ ಆಜ್ಞೆಯಂತೆ ತಾಯಿ ರೇಣುಕೆಯ ತಲೆ ಕಡಿದ ಪರಶುರಾಮನು ಕೊಡಲಿಗೆ ಅಂಟಿದ ನೆತ್ತರನ್ನು ತೊಳೆಯಲು ತೀರ್ಥದಿಂದ ತೀರ್ಥಕ್ಕೆ ಅಲೆದನಂತೆ. ಎಲ್ಲ ಕಡೆ ತೊಳೆದ ಮೇಲೂ ಎಳ್ಳುಕಾಳಿನಷ್ಟು ಕಲೆ ಮಾತ್ರ ಉಳಿದುಕೊಂಡಿತ್ತು. ಅದು ಹೋದದ್ದು ಇಲ್ಲಿ, ತುಂಗೆಯಲ್ಲಿ; ದಡದಲ್ಲಿ ಅವನು ಪ್ರತಿಷ್ಠಾಪಿಸಿದ ಲಿಂಗವೇ ರಾಮೇಶ್ವರ. ತಂದೆಯ ವರದಿಂದ ತಾಯಿ ಮತ್ತೆ ಬದುಕಿದಳೆಂದು ಪುರಾಣವೇ ಹೇಳುತ್ತದೆ. ಹಾಗಿದ್ದೂ ಕಲೆ ಏಕೆ ಉಳಿಯಿತೆಂದು ಚಿಕ್ಕಂದಿನಲ್ಲಿ ನಾನು ಅಮ್ಮನನ್ನು ಕೇಳಿದ್ದೆ. "ಅಮ್ಮ ಎದ್ದು ಕೂತಳು ಅಂದ್ರೆ ಮಗ ಮಾಡಿದ್ದು ಮಾಡಿಲ್ಲ ಅಂತ ಆಗತ್ತಾ?" ಎಂದಿದ್ದಳು.

ಆ ಮಾತು ನನಗೆ ತಟ್ಟಿದ್ದು ಕಳೆದ ವರ್ಷ. ಸುಲಿಯುವವರಿಗೆ ರಾತ್ರಿ ಹನ್ನೊಂದಕ್ಕೆ ಕಾಫಿ ತಂದುಕೊಟ್ಟು, ಕೆಮ್ಮುತ್ತಲೇ ಅವರ ಜೊತೆ ಮಾತಿಗೆ ಕುಳಿತ ಅಮ್ಮನಿಗೆ ನಾನು ಎಲ್ಲರೆದುರು, "ನಿನ್ನನ್ನು ಇಲ್ಲಿಗೆ ಯಾರು ಕರೆದರು?" ಎಂದುಬಿಟ್ಟೆ. ಅವಳ ಎದೆಗೆ ಚಳಿ ಹಿಡಿದೀತೆಂಬ ಭಯದಿಂದ ಆಡಿದ್ದು ನಿಜ; ಆದರೆ ಭಯ ಬಂದದ್ದು ಸಿಟ್ಟಿನ ದನಿಯಲ್ಲಿ. ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮರುದಿನದಿಂದ ಊಟ, ಮಾತು, ನಗು ಎಲ್ಲ ಮೊದಲಿನಂತೆಯೇ ಇದ್ದವು. ಆ ಜಗಲಿಗೆ ಮಾತ್ರ ಅವಳು ಮತ್ತೆ ಬರಲಿಲ್ಲ.

ಈ ಸಲ ಬಂಡೆಗಳ ಮೇಲೆ ಇಳಿಯಲು ಅಮ್ಮನಿಗೆ ಮಂಡಿ ಬಿಡಲಿಲ್ಲ. ತಾಮ್ರದ ಚೊಂಬನ್ನು ನನ್ನ ಕೈಗಿತ್ತು, "ನೀನು ಮುಳುಗಿ ಬಾ, ನನಗೆ ಇದರಲ್ಲಿ ತಾ" ಎಂದಳು. ನಸುಕಿನಲ್ಲೇ ಹೋದೆ. ಮಂಜಿನಲ್ಲಿ ಜನರ ಮುಖಗಳಿಗಿಂತ ಮೊದಲು ಅವರ ಹಲ್ಲು ಕಟಕಟಿಸುವ ಸದ್ದು, ಅದರ ನಡುವೆಯೇ "ಹರ ಹರ" ಎಂಬ ಉಸಿರು ಕೇಳಿಸುತ್ತಿತ್ತು. ಪಕ್ಕದಲ್ಲಿ ಒಬ್ಬರು ಬೊಗಸೆಯಲ್ಲಿ ಎಳ್ಳು ಹಿಡಿದು ಹಿರಿಯರಿಗೆ ತರ್ಪಣ ಬಿಡುತ್ತಿದ್ದರು. ಗಂಗಾಸ್ನಾನ, ತುಂಗಾಪಾನ ಎಂಬ ಮಾತಿನಂತೆ ತುಂಗೆಯ ನೀರು ಕುಡಿಯುವುದಕ್ಕೆ ಹೆಸರಾದದ್ದು. ಆದರೆ ಈ ಒಂದು ಬೆಳಗು ನಮಗೆ ಅವಳೇ ಗಂಗೆಯೂ ಹೌದು. ಮೊದಲ ಮುಳುಗಿಗೆ ಚಳಿ ಎಲುಬಿಗಿಳಿಯಿತು, ಮಂತ್ರ ಮರೆತುಹೋಯಿತು. ಎರಡನೆಯದಕ್ಕೆ ಆ ರಾತ್ರಿಯ ಜಗಲಿ ಕಣ್ಣೆದುರು ಬಂತು. ಮೂರನೆಯದಕ್ಕೆ ರಾಮೇಶ್ವರನಲ್ಲಿ ಕೇಳಿಕೊಳ್ಳಲು ನನ್ನ ಬಳಿ ಅದೊಂದೇ ಇತ್ತು. ಒದ್ದೆ ಬಟ್ಟೆಯಲ್ಲೇ ಸಾಲಿನಲ್ಲಿ ನಿಂತು ದರ್ಶನ ಮಾಡುವಾಗ ಮೈ ನಡುಗುತ್ತಿದ್ದರೂ, ಕೇಳಿಕೊಂಡದ್ದನ್ನು ದೇವರ ಬಳಿ ಬಿಟ್ಟು ಮನೆಗೆ ಹೋದರೆ ಅರ್ಧ ಕೆಲಸವಷ್ಟೇ ಆದೀತೆಂಬುದು ಸ್ಪಷ್ಟವಾಗಿತ್ತು.

ಅಮ್ಮ ತುಳಸಿಕಟ್ಟೆಯ ಬಳಿ ಕಾಯುತ್ತಿದ್ದಳು. ಚೊಂಬಿನ ನೀರನ್ನು ಅವಳ ಅಂಗೈಗೆ ಎರೆಯುತ್ತಾ, "ಹೋದ ವರ್ಷ ಎಲ್ಲರೆದುರು ಹಾಗೆ ಅನ್ನಬಾರದಿತ್ತು ಅಮ್ಮ" ಎಂದೆ. ಅವಳು ತೀರ್ಥವನ್ನು ಕಣ್ಣಿಗೊತ್ತಿಕೊಂಡು ತಲೆಗೆ ಪ್ರೋಕ್ಷಿಸಿಕೊಂಡಳು. ಬೆರಳಲ್ಲಿ ಉಳಿದ ಹನಿಗಳನ್ನು ನನ್ನ ತಲೆಯ ಮೇಲೂ ಕೊಡವಿ, ಮಿಕ್ಕ ನೀರನ್ನು ತುಳಸಿಯ ಬುಡಕ್ಕೆ ಎರೆದಳು. ಅಷ್ಟರಲ್ಲಿ ಮಂಜು ಹರಿದು ಅಡಿಕೆ ಚಪ್ಪರದ ಮೇಲೆ ಬಿಸಿಲು ಬಿದ್ದಿತ್ತು.

"ಟಾರ್ಪಾಲು ಇನ್ನೂ ತೆಗ್ದಿಲ್ವೇನೋ?" ಎಂದು ಕೇಳುತ್ತಾ, ಜಗಲಿಯ ಕಂಬ ಹಿಡಿದು ನಿಧಾನವಾಗಿ ಮೇಲೆ ಹತ್ತಿದಳು; ರಾತ್ರಿ ಸುಲಿಯಲು ಎಷ್ಟು ಜನ ಬರುತ್ತಾರೆಂದು ವಿಚಾರಿಸಿದಳು.