ಎಂಟು ನಿಮಿಷದ ಆಲೆಮನೆ

ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಮಾಡಿದ ವಿಡಿಯೊ ಎಂಟು ನಿಮಿಷದ್ದು. ಅದನ್ನು ಮುಗಿಸಲು ಹಿಡಿದದ್ದು ನಾಲ್ಕು ತಿಂಗಳು. ನಾನು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಶಾಲೆಯ ಹಿಂದಿನ ಗದ್ದೆ ದಾಟಿದರೆ ಒಂದು ಆಲೆಮನೆ ಇದೆ. ಮಧ್ಯಾಹ್ನದ ಹೊತ್ತು ಅಲ್ಲಿಂದ ಬೆಲ್ಲದ ವಾಸನೆ ತರಗತಿಯೊಳಗೆ ಬಂದರೆ ಯಾವ ಪಾಠವೂ ಮಕ್ಕಳ ತಲೆಗೆ ಹತ್ತುವುದಿಲ್ಲ. ಹಾಗಾದರೆ ಅದನ್ನೇ ಪಾಠ ಮಾಡಿಕೊಳ್ಳೋಣ ಎಂದು ಹನ್ನೊಂದು ಮಕ್ಕಳನ್ನು ಕಟ್ಟಿಕೊಂಡು ಹೊರಟೆ. ಕೈಯಲ್ಲಿದ್ದದ್ದು ನನ್ನದೊಂದು, ವಿಜ್ಞಾನದ ಮೇಷ್ಟರದೊಂದು ಮೊಬೈಲ್, ಮೈಕ್ ಇರುವ ಒಂದು ಇಯರ್‌ಫೋನ್, ಶಾಲೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾಲ್ಕು ಕಂಪ್ಯೂಟರ್.

ಈ ಮಕ್ಕಳಿಗೆ ಮೊಬೈಲ್ ಹೊಸದಲ್ಲ. ನನಗಿಂತ ವೇಗವಾಗಿ ಬೆರಳಾಡಿಸುತ್ತಾರೆ. ಆದರೆ ಮೊದಲ ದಿನ ಚಿತ್ರೀಕರಿಸಿದ ಮೇಲೆ, “ಈಗ ತೆಗೆದ ವಿಡಿಯೊ ಎಲ್ಲಿದೆ?” ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಗ್ಯಾಲರಿಯಲ್ಲಿ, ಮಿಸ್.” ಗ್ಯಾಲರಿ ತೋರಿಸುವ ಚಿತ್ರದ ಹಿಂದೆ ಒಂದು ಕಡತ ಇದೆ, ಅದಕ್ಕೊಂದು ಹೆಸರಿದೆ, ಅದು ಯಾವುದೋ ಫೋಲ್ಡರಿನಲ್ಲಿ ಕುಳಿತಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ತಪ್ಪು ಮಕ್ಕಳದಲ್ಲ, ಮೊಬೈಲ್ ಅದನ್ನೆಲ್ಲ ಮರೆಮಾಡಿಯೇ ಕೊಡುತ್ತದೆ.

ಮೂರನೆಯ ವಾರ ಅದರ ಬಿಸಿ ತಟ್ಟಿತು. ಒಬ್ಬ ಹುಡುಗ ಎರಡು ದಿನ ಕುಳಿತು ದೃಶ್ಯಗಳನ್ನು ಜೋಡಿಸಿ, ಸಂಕಲನದ ಪ್ರಾಜೆಕ್ಟ್ ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಪಕ್ಕದ ಕಂಪ್ಯೂಟರಿನಲ್ಲಿ ತೆರೆದ. ಒಂದೇ ಒಂದು ದೃಶ್ಯ ಇಲ್ಲ. ಕಡತ ಕಾಣೆಯಾಗಿದೆ ಎಂಬ ಸಂದೇಶ ಒಂದರ ಕೆಳಗೊಂದು. ಹುಡುಗನ ಕಣ್ಣು ತುಂಬಿ ಬಂತು. ಪ್ರಾಜೆಕ್ಟ್ ಕಡತದೊಳಗೆ ದೃಶ್ಯಗಳು ಇರುವುದಿಲ್ಲ. ಯಾವ ದೃಶ್ಯ ಎಲ್ಲಿದೆ, ಅದರಲ್ಲಿ ಎಷ್ಟನೆಯ ಸೆಕೆಂಡಿನಿಂದ ಎಷ್ಟನೆಯ ಸೆಕೆಂಡಿನವರೆಗೆ ಬೇಕು ಎಂಬ ಪಟ್ಟಿ ಮಾತ್ರ ಇರುತ್ತದೆ. ಅದನ್ನು ಬಿಡಿಸಿ ಹೇಳಿದಾಗ, ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂರುವ ಹುಡುಗಿ ಥಟ್ಟನೆ ಹೇಳಿದಳು: “ಚೀಟಿ ತಂದಿದ್ದಾನೆ ಮಿಸ್, ಸಾಮಾನು ಅಲ್ಲೇ ಬಿಟ್ಟು ಬಂದಿದ್ದಾನೆ.” ಅಂದಿನಿಂದ ನಮ್ಮ ಗುಂಪಿನಲ್ಲಿ ‘ಚೀಟಿ’ ಮತ್ತು ‘ಸಾಮಾನು’ ಪಾರಿಭಾಷಿಕ ಪದಗಳೇ ಆಗಿಬಿಟ್ಟವು. ಎರಡೂ ಒಂದೇ ಫೋಲ್ಡರಿನಲ್ಲಿ ಇರಬೇಕು, ಹೆಸರಿನ ಮೊದಲಿಗೆ ದಿನಾಂಕ ಬರಬೇಕು, ಎರಡು ಕಡೆ ಪ್ರತಿ ಇರಬೇಕು. ಇಷ್ಟನ್ನು ಬೋರ್ಡಿನ ಮೇಲೆ ಬರೆದು ಪರೀಕ್ಷೆಗೆ ಕೇಳಿದ್ದರೆ ಉರು ಹೊಡೆದು ಬರೆದು ಮರೆಯುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ.

ಆಲೆಮನೆಯೊಳಗೆ ಬೇರೆಯದೇ ತೊಡಕುಗಳು. ಕುದಿಯುವ ಕೊಪ್ಪರಿಗೆಯ ಹಬೆಗೆ ಲೆನ್ಸ್ ಮಂಜಾಗುತ್ತಿತ್ತು. ಟ್ಯೂಬ್‌ಲೈಟಿನ ಕೆಳಗೆ ತೆಗೆದ ದೃಶ್ಯಗಳಲ್ಲಿ ಕಪ್ಪು ಪಟ್ಟಿಗಳು ತೇಲುತ್ತಿದ್ದವು. ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ದೀಪ ಸೆಕೆಂಡಿಗೆ 100 ಬಾರಿ ಹೆಚ್ಚು ಕಡಿಮೆ ಆಗುತ್ತದೆ, ಕ್ಯಾಮೆರಾ ಪ್ರತಿ ಚಿತ್ರಕ್ಕೆ ಬೆಳಕು ತೆಗೆದುಕೊಳ್ಳುವ ಸಮಯವನ್ನು, ಅಂದರೆ ಶಟರ್ ವೇಗವನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟಿ ಮಾಯವಾಗುತ್ತದೆ ಎಂದು ವಿಜ್ಞಾನದ ಮೇಷ್ಟರು ಅಲ್ಲೇ ನಿಂತು ಮಾಡಿ ತೋರಿಸಿದರು.

ನನ್ನ ಪಾಲಿಗೆ ಮರೆಯಲಾಗದ್ದು ಶೀರ್ಷಿಕೆ ಹಾಕಿದ ದಿನ. ನಾವು ಮೊದಲು ಬಳಸಿದ ಉಚಿತ ತಂತ್ರಾಂಶದಲ್ಲಿ ಹುಡುಗಿಯೊಬ್ಬಳು ‘ಮಂಡ್ಯದ ಬೆಲ್ಲ’ ಎಂದು ಟೈಪ್ ಮಾಡಿದಳು. ಪರದೆಯ ಮೇಲೆ ಬಂದದ್ದು ‘ಮಂಡ್‌ಯದ ಬೆಲ್‌ಲ’. ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಂದು ನಿಂತಿದ್ದವು. ತನ್ನ ಊರಿನ ಹೆಸರನ್ನೇ ಕಂಪ್ಯೂಟರ್ ಮುರಿದು ಹಾಕಿತೆಂದು ಅವಳಿಗೆ ಸಿಟ್ಟು ಬಂತು, ನನಗೂ ಬಂತು. ಸಿಟ್ಟು ಇಳಿದ ಮೇಲೆ ಅದನ್ನೇ ವ್ಯಾಕರಣದ ತರಗತಿ ಮಾಡಿದೆ. ಕಂಪ್ಯೂಟರಿಗಾಗಿ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಕೇತ ಗೊತ್ತುಮಾಡಿರುವ ಯೂನಿಕೋಡಿನಲ್ಲಿ ಒತ್ತಕ್ಷರಗಳಿಗೆಂದು ಬೇರೆ ಸಂಕೇತಗಳಿಲ್ಲ. ಮಂಡ್ಯ ಎಂಬ ಎರಡಕ್ಷರದ ಹೆಸರನ್ನು ಕಂಪ್ಯೂಟರ್ ಐದು ಸಂಕೇತಗಳಾಗಿ ಇಟ್ಟುಕೊಂಡಿರುತ್ತದೆ: ಮ, ಅನುಸ್ವಾರ, ಡ, ಹಲಂತ ಚಿಹ್ನೆ, ಯ. ಕೊನೆಯ ಮೂರನ್ನು ಬೆಸೆದು ‘ಡ್ಯ’ ಎಂದು ತೋರಿಸುವುದು ತಂತ್ರಾಂಶದ ಕೆಲಸ. ಕೆಲವು ತಂತ್ರಾಂಶಗಳು ಆ ಕೆಲಸ ಮಾಡುವುದಿಲ್ಲ. ಸಜಾತೀಯ, ವಿಜಾತೀಯ ಸಂಯುಕ್ತಾಕ್ಷರ ಎಂದು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಆದರೆ ಮಕ್ಕಳು ಮುಂದಕ್ಕೆ ಬಾಗಿ ಕೇಳಿಸಿಕೊಂಡದ್ದು ಅಂದೇ. ಕೊನೆಗೆ ಅವಳೇ ದಾರಿ ಹುಡುಕಿದಳು. ಲಿಬ್ರೆ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಅಕ್ಷರಗಳು ಸರಿಯಾಗಿ ಬರುತ್ತಿದ್ದವು. ಅಲ್ಲಿ ಬರೆದು, ಚಿತ್ರವಾಗಿ ಉಳಿಸಿ, ಆ ಚಿತ್ರವನ್ನು ವಿಡಿಯೊಗೆ ಸೇರಿಸಿದಳು. ಅವಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ‘ಮ + ಂ + ಡ + ್ + ಯ’ ಎಂದು ಬರೆದಿರುವುದನ್ನು ಮೊನ್ನೆ ಕಂಡೆ.

ನಿರೂಪಣೆಯ ಮೊದಲ ಕರಡು ಹೀಗೆ ಶುರುವಾಗಿತ್ತು: ಮಂಡ್ಯ ಜಿಲ್ಲೆಯು 1939ರಲ್ಲಿ ಅಸ್ತಿತ್ವಕ್ಕೆ ಬಂದಿತು, ಮೈಸೂರು ಸಕ್ಕರೆ ಕಂಪನಿಯು 1933ರಲ್ಲಿ ಸ್ಥಾಪನೆಯಾಯಿತು. ಎಲ್ಲವೂ ಸರಿಯೇ, ಆದರೆ ಅದು ಪ್ರಬಂಧ. ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿ ತಾವೇ ಕೇಳಿದಾಗ ಮಕ್ಕಳಿಗೇ ಬೇಸರ ಬಂತು. ಹೊಡೆದು ಹಾಕುತ್ತ ಹಾಕುತ್ತ ಎರಡು ಪುಟ ಒಂದು ವಾಕ್ಯಕ್ಕೆ ಇಳಿಯಿತು: “ಕನ್ನಂಬಾಡಿಯ ನೀರು ನಾಲೆಗೆ ಬಂದ ಮೇಲೆ ನಮ್ಮ ಊರಿಗೆ ಕಬ್ಬು ಬಂತು.” ಇಂಥದೊಂದು ವಾಕ್ಯವನ್ನು ನಾನು ಹೇಳಿಕೊಟ್ಟು ಬರೆಸಲಾರೆ. ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡದ್ದರಿಂದ ಅದು ಬಂತು.

ಆ ಹೊತ್ತಿನಲ್ಲೇ ಮಕ್ಕಳಿಗೆ ಮೈಸೂರಿನ ಗೋಪಾಲಸ್ವಾಮಿಯವರ ಕತೆ ಹೇಳಿದೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಸಣ್ಣ ರೇಡಿಯೊ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು, ದೇಶದ ರೇಡಿಯೊಗೆಲ್ಲ ಅದು ಹೆಸರಾದದ್ದು ಆಮೇಲೆ. “ಮನೆಯಲ್ಲೇನಾ ಮಿಸ್?” ಎಂದು ಮೂರು ಮಕ್ಕಳು ಒಟ್ಟಿಗೆ ಕೇಳಿದರು. ಹೌದು, ಇಲ್ಲಿಂದ ಸುಮಾರು ಒಂದು ಗಂಟೆಯ ರೈಲು ದಾರಿಯ ಊರಿನಲ್ಲಿ, ಒಬ್ಬ ಮೇಷ್ಟರ ಮನೆಯಲ್ಲಿ.

ಇನ್ನು ಧ್ವನಿಯ ವಿಷಯ. ಕಬ್ಬಿನ ಹಾಲು ಕಾದು ಪಾಕಕ್ಕೆ ಬಂತೇ ಎಂದು ನೋಡಲು ಆಲೆಮನೆಯ ಹಿರಿಯರು ಸ್ವಲ್ಪ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಕೊಪ್ಪರಿಗೆಯ ಅಂಚಿಗೆ ಬಡಿಯುತ್ತಾರೆ. ಹದವಾಗಿದ್ದರೆ ಲೋಹಕ್ಕೆ ಲೋಹ ತಾಗಿದಂತೆ ‘ಟಣ್’ ಎನ್ನುತ್ತದೆ. ಎಳೆಯದಾಗಿದ್ದರೆ ಮೆತ್ತಗೆ ಅಂಟಿಕೊಳ್ಳುತ್ತದೆ. ನಮ್ಮ ವಿಡಿಯೊದ ಜೀವ ಆ ಒಂದು ಸದ್ದು. ಆದರೆ ಪಕ್ಕದಲ್ಲಿ ಗಾಣದ ಮೋಟರ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅದಕ್ಕೆ ಮದ್ದಿದೆ. ಬರೀ ಮೋಟರಿನ ಸದ್ದಿರುವ ಎರಡು ಮೂರು ಸೆಕೆಂಡನ್ನು ಮೊದಲು ಅದಕ್ಕೆ ಗುರುತು ಹಿಡಿಸಬೇಕು, ಆಮೇಲೆ ಇಡೀ ಧ್ವನಿಯಿಂದ ಆ ಸದ್ದನ್ನು ತಗ್ಗಿಸಲು ಹೇಳಬೇಕು. ಶೀರ್ಷಿಕೆ ಸರಿಮಾಡಿದ ಹುಡುಗಿಯೇ ಇದನ್ನೂ ಕಲಿತಳು. ಮೋಟರ್ ಪೂರ್ತಿ ಅಡಗಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಊರಿಗೆ ತೋರಿಸುವ ಮೊದಲು ಆಲೆಮನೆಯ ಹಿರಿಯರನ್ನು ಶಾಲೆಗೆ ಕರೆದೆವು. ಅವರ ಮುಖ, ಅವರ ದನಿ ಇರುವುದರಿಂದ ಅವರು ಒಪ್ಪಿದ ಮೇಲೆಯೇ ಮುಂದಿನ ಮಾತು ಎಂದು ಮೊದಲೇ ತೀರ್ಮಾನಿಸಿದ್ದೆವು. ಅವರು ಬೆಂಚಿನ ತುದಿಯಲ್ಲಿ ಕುಳಿತು ಮೌನವಾಗಿ ನೋಡಿದರು. ಉಂಡೆ ಬಡಿಯುವ ದೃಶ್ಯ ಬಂದಾಗ ತಲೆ ಅಲ್ಲಾಡಿಸಿದರು. “ಇದು ಪಾಕ ಬಂದ ಸದ್ದಲ್ಲ ತಾಯಿ. ನಾನು ಇಷ್ಟು ಎಳೆಯ ಪಾಕ ಇಳಿಸುವವನಲ್ಲ.”

ಹುಡುಗಿ ಮೂಲ ಧ್ವನಿಯನ್ನು ಹಾಕಿ ಕೇಳಿದಳು. ಅದರಲ್ಲಿ ‘ಟಣ್’ ಎಂದ ಮೇಲೆ ಒಂದು ಸಣ್ಣ ಅನುರಣನ ಇತ್ತು. ಮೋಟರಿನ ಜೊತೆಗೆ ಅದೂ ಅಳಿಸಿಹೋಗಿತ್ತು. ನಮ್ಮ ಹನ್ನೆರಡು ಜನರ ಇಪ್ಪತ್ನಾಲ್ಕು ಕಿವಿಗೆ ಕೇಳಿಸದ್ದು ಅವರಿಗೆ ಕೇಳಿಸಿತ್ತು. ಮೂಲ ಧ್ವನಿ ಬೇರೆಯಾಗಿ ಉಳಿದಿತ್ತು, ಚೀಟಿ ಸಾಮಾನಿನ ನಿಯಮದ ಪುಣ್ಯ. ಅವಳು ಆ ಮೂರು ಸೆಕೆಂಡಿನ ಮಟ್ಟಿಗೆ ಶಬ್ದ ತಗ್ಗಿಸಿದ್ದನ್ನು ತೆಗೆದುಹಾಕಿದಳು. ಮೋಟರ್ ಒಮ್ಮೆಗೇ ನುಗ್ಗಿದಂತಾಗದಿರಲಿ ಎಂದು ಹಿಂದೆ ಮುಂದೆ ಮೆಲ್ಲಗೆ ಏರಿಸಿ ಇಳಿಸಿದಳು. ಅಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹಿರಿಯರು ಎದ್ದು ಹೋಗದೆ ಕಾದರು.

ಆಮೇಲೆ ಇಯರ್‌ಫೋನನ್ನು ಅವರ ಕಿವಿಗೆ ಇಟ್ಟು ಗುಂಡಿ ಒತ್ತಿದಳು. ಅವರು ಕಣ್ಣು ಮುಚ್ಚಿಕೊಂಡರು. ಎರಡು ಸಲ ಕೇಳಿದರು.

“ಹೂಂ,” ಎಂದರು. “ಈಗ ಕೊಪ್ಪರಿಗೆ ಇಳಿಸಬಹುದು.”