ಬಾಟಲಿಯಲ್ಲೇ ಉಳಿದಿದ್ದ ಕುಚ್ಚು

ಪೆಥಾಲಜಿ ಲ್ಯಾಬ್ ಸೇರಿದ ಹೊಸತರಲ್ಲಿ ನಾನು ಮಾಡಿದ ಎಡವಟ್ಟು ಇದು. ಆಪರೇಷನ್‌ನಲ್ಲಿ ತೆಗೆದ ಅಂಗಗಳನ್ನು ಕೊಯ್ದು ನೋಡುವ ಗ್ರಾಸಿಂಗ್ ಟೇಬಲ್‌ಗೆ ಬಂದಿದ್ದು ಎರಡು ಅಂಡಾಶಯ, ಅಂಡವನ್ನು ಗರ್ಭಕೋಶಕ್ಕೆ ಒಯ್ಯುವ ಎರಡು ಫೆಲೋಪಿಯನ್ ಟ್ಯೂಬ್. ಬಿಆರ್‌ಸಿಎ1 ಜೀನ್‌ನಲ್ಲಿ ದೋಷವಿದ್ದು ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿದ್ದ ಮಹಿಳೆಯೊಬ್ಬರು ಕ್ಯಾನ್ಸರ್ ಬರುವ ಮೊದಲೇ ತೆಗೆಸಿಕೊಂಡಿದ್ದರು. ಕಣ್ಣಿಗೆ ಎಲ್ಲವೂ ನಾರ್ಮಲ್.

ಅಂಡಾಶಯದ ಕ್ಯಾನ್ಸರ್ ಅಂದಮೇಲೆ ನೋಡಬೇಕಾದ್ದು ಅಂಡಾಶಯವನ್ನೇ, ಅಲ್ವಾ? ಎರಡನ್ನೂ ಪೂರ್ತಿ ಕ್ಯಾಸೆಟ್‌ಗೆ, ಅಂದರೆ ಸ್ಲೈಡ್ ಮಾಡಲು ತುಂಡುಗಳನ್ನಿಡುವ ಪುಟ್ಟ ಡಬ್ಬಿಗಳಿಗೆ, ಹಾಕಿದೆ. ಟ್ಯೂಬ್‌ಗಳ ನಡುವಿಂದ ತಲಾ ಒಂದು ತುಂಡು, ಸುಮ್ನೆ ಶಾಸ್ತ್ರಕ್ಕೆ. ಮಿಕ್ಕಿದ್ದು ವಾಪಸ್ ಫಾರ್ಮಾಲಿನ್ ಬಾಟಲಿಗೆ.

ಸ್ಲೈಡ್ ನೋಡಿದ ಸೀನಿಯರ್ ಮೇಡಂ ಕೇಳಿದ್ದು ಒಂದೇ ಮಾತು: "ಫಿಂಬ್ರಿಯಾ ಎಲ್ಲಮ್ಮಾ?"

ಫಿಂಬ್ರಿಯಾ ಅಂದರೆ ಅಂಡಾಶಯದ ಕಡೆಗಿರುವ ಟ್ಯೂಬಿನ ತುದಿ. ಸೀರೆ ಸೆರಗಿನ ಕುಚ್ಚಿನ ಹಾಗೆ ಎಳೆ ಎಳೆಯಾಗಿರುತ್ತದೆ. ರಿಪೋರ್ಟ್ ಹೋಗುವ ತನಕ ಬಾಟಲಿ ಎಸೆಯುವುದಿಲ್ಲ, ಪುಣ್ಯ. ಮೇಡಂ ಪಕ್ಕದಲ್ಲೇ ನಿಂತು ಮತ್ತೆ ಕೊಯ್ಯಿಸಿದರು. ಕುಚ್ಚನ್ನು ಉದ್ದುದ್ದ ಸೀಳಬೇಕು, ಉಳಿದ ಟ್ಯೂಬನ್ನು 2–3 ಮಿ.ಮೀ.ಗೊಂದರಂತೆ ಅಡ್ಡ ಕತ್ತರಿಸಬೇಕು, ಚೂರೂ ಬಿಡದೆ ಎಲ್ಲವನ್ನೂ ಹಾಕಬೇಕು. ಇದಕ್ಕೆ ಸೀ-ಫಿಮ್ ಅನ್ನುತ್ತಾರೆ. "ಉಜ್ಜಬೇಡ, ಮೇಲಿನ ಪದರ ಎದ್ದು ಹೋಗುತ್ತೆ" ಅಂತ ಎರಡು ಸಲ ಗದರಿದರು.

ಎಡಗಡೆ ಕುಚ್ಚಿನ ಒಂದು ಎಳೆಯಲ್ಲಿ ಸಿಕ್ಕಿತು. ಒಂದು ಮಿಲಿಮೀಟರೂ ಇಲ್ಲದ ಜಾಗ. ಕೋಶಗಳು ಸಾಲು ತಪ್ಪಿ ಒಂದರ ಮೇಲೊಂದು ಒತ್ತಿಕೊಂಡಿದ್ದವು, ನ್ಯೂಕ್ಲಿಯಸ್ ದಪ್ಪ, ಕಪ್ಪು. ಪಿ53 ಅನ್ನುವ ಪ್ರೋಟೀನನ್ನು ಬಣ್ಣದಲ್ಲಿ ತೋರಿಸುವ ಸ್ಟೇನ್ ಹಾಕಿದರೆ ಅಷ್ಟೇ ಜಾಗ ಕಡು ಕಂದು. ಇನ್ನೂ ಒಳಗೆ ಇಳಿಯದ ಕ್ಯಾನ್ಸರ್. ಸ್ಟಿಕ್ (STIC) ಅಂತ ಹೆಸರು. ನಾನು ಅಷ್ಟು ಜೋಪಾನವಾಗಿ ಹಾಕಿದ್ದ ಅಂಡಾಶಯಗಳಲ್ಲಿ ಏನೂ ಇರಲಿಲ್ಲ!

ಅಂಡ ಹೊರಬಿದ್ದಾಗಲೆಲ್ಲ ಅಂಡಾಶಯದ ಮೇಲ್ಪದರ ಹರಿದು ಕೂಡುತ್ತದೆ, ಕ್ಯಾನ್ಸರಿಗೆ ಅದೇ ಕಾರಣ ಇರಬಹುದು ಅಂತ 1971ರಲ್ಲಿ ಫತಲ್ಲಾ ಅನ್ನುವ ವೈದ್ಯರು ಬರೆದಿದ್ದರು. ನನ್ನ ತಲೆಯಲ್ಲಿ ಕೂತಿದ್ದೂ ಅದೇ. 2001ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕ ಪೀಕ್ ಮತ್ತು ಜೊತೆಗಾರರು ಇಂಥ ಅಪಾಯವಿದ್ದ ಮಹಿಳೆಯರ ಟ್ಯೂಬ್‌ಗಳಲ್ಲೇ ಕೆಟ್ಟ ಕೋಶಗಳನ್ನು ತೋರಿಸಿದರು. ಅಮೆರಿಕದ ಬಾಸ್ಟನ್‌ನ ಪೆಥಾಲಜಿಸ್ಟ್‌ಗಳು ಕುಚ್ಚನ್ನು ಹೀಗೆ ಸೀಳುವ ಕ್ರಮ ತಂದರು. ಅಂಡಾಶಯದ ಕ್ಯಾನ್ಸರಿನಲ್ಲಿ ಹೈ ಗ್ರೇಡ್ ಸೀರಸ್ ಅನ್ನುವ ಬಗೆ ಬಹುಪಾಲು ಹುಟ್ಟುವುದು ಈ ಕುಚ್ಚಿನಲ್ಲೇ, ಇಲ್ಲಿಂದ ಉದುರಿದ ಕೋಶ ಪಕ್ಕದ ಅಂಡಾಶಯಕ್ಕೆ ಅಂಟಿ ಬೆಳೆಯುತ್ತದೆ ಅನ್ನುವುದು ಈಗಿನ ತಿಳಿವಳಿಕೆ. ಎಲ್ಲ ಬಗೆಯೂ ಹಾಗಲ್ಲ. ಕ್ಲಿಯರ್ ಸೆಲ್, ಎಂಡೊಮೆಟ್ರಿಯಾಯ್ಡ್ ಬಗೆಗಳ ಬೇರು ಎಷ್ಟೋ ಸಲ ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲಿರುತ್ತದೆ.

"ಇಷ್ಟೇ ಟ್ಯೂಬಿಗೆ ಇಷ್ಟೊಂದು ಬ್ಲಾಕಾ ಮೇಡಂ?" ಅಂತ ನಮ್ಮ ಟೆಕ್ನಿಷಿಯನ್ ಈಗ ಗೊಣಗುತ್ತಾರೆ. ಬ್ಲಾಕ್ ಅಂದರೆ ತುಂಡನ್ನು ಮೇಣದಲ್ಲಿ ಕೂರಿಸಿದ ಅಚ್ಚು. ಇಂಥ ಕೇಸಿನಲ್ಲಿ ನನ್ನ ಮೊದಲನೆಯ ಬ್ಲಾಕ್, ಎ1, ಯಾವಾಗಲೂ ಕುಚ್ಚಿನದೇ. ಅಂಡಾಶಯದ ಸರದಿ ಆಮೇಲೆ.